ಯಾರಪ್ಪನ ಮಾಳ

ಇದು ನಿಜವಾಗಿ ನಡೆದ ಕಥೆ. ಸ್ವಲ್ಪ ತಿದ್ದಿ ಹೇಳಬೇಕೆಂದರೆ, ಇದರಲ್ಲಿ ನಡೆದದ್ದು ಕಡಿಮೆ, ನಿಂತದ್ದು ಬಹಳ, ಕೊನೆಯಲ್ಲಿ ಒಂದಿಷ್ಟು ಓಡಿದ್ದೂ ಉಂಟು. ನಿಂತವರು ದೊಡ್ಡಗಾಜನೂರಿನ ಚನ್ನಬಸವ. ನಿಲ್ಲಿಸಿದವಳು ಅವರ ಸ್ವಂತ ಅಣ್ಣನ ಮಗಳು ಮಧುಶ್ರೀ.

ನಿಂತ ಜಾಗಕ್ಕೊಂದು ಹೆಸರಿದೆ. ಊರಿನಿಂದ ಕಾಡಿನ ಕಡೆಗೆ ಹೋಗುವ ಗಾಡಿದಾರಿಯ ತುದಿಯಲ್ಲಿ, ಲಂಟಾನ ಪೊದೆ ಮುಗಿದು ಮರಗಳು ಶುರುವಾಗುವ ಮೊದಲು, ಕಾಲು ಚಾಚಿ ಮಲಗಿದಂತಿರುವ ಒಂದು ಉದ್ದನೆಯ ಬಯಲು. ಹಿಂದೆ ಮಹಾಯುದ್ಧದ ಕಾಲದಲ್ಲಿ, ದಾರಿ ತಪ್ಪಿದ ವಿಮಾನಗಳು ಇಳಿಯಲೆಂದು ಬಿಳಿ ದೊರೆಗಳ ಸೈನ್ಯ ಅಲ್ಲಿ ಪೊದೆ ಕಡಿಸಿ, ದಿಣ್ಣೆ ತೆಗೆಸಿ, ನೆಲವನ್ನು ಹಲಗೆಯಂತೆ ಮಾಡಿಸಿತ್ತು. ಆಗ ಅದು ಏರೋಪ್ಲೇನ್ ಮಾಳ. ಸೈನ್ಯ ಗಂಟುಮೂಟೆ ಕಟ್ಟಿದ ಮೇಲೆ ಊರಿನ ಬಾಯಲ್ಲಿ ಏರೋಪ್ಲೇನು ಸವೆಯತೊಡಗಿತು. ಏರಪ್ಲಾನ ಮಾಳವಾಯಿತು, ಏರಪ್ಪನ ಮಾಳವಾಯಿತು, ಈಗ ಚಿಕ್ಕ ಮಕ್ಕಳೂ ಅನ್ನುವುದು ಯಾರಪ್ಪನ ಮಾಳ. ಹೊಸಬರು ಬಂದು ‘ಇದು ಯಾರಪ್ಪನ ಮಾಳ?’ ಎಂದು ಕೇಳಿದರೆ ಪ್ರಶ್ನೆಯಲ್ಲೇ ಉತ್ತರ ಮುಗಿದುಹೋಗುತ್ತದೆ.

ಚನ್ನಬಸವ ಮಾತ್ರ ಬೇರೆ ಉತ್ತರ ಕೊಡುತ್ತಿದ್ದರು. “ಯಾರಪ್ಪಂದು ಅಂದ್ರೆ? ನಮ್ಮಪ್ಪಂದು. ಅದ್ಕೂ ಮುಂಚ ನಮ್ ತಾತಂದು.”

ಆ ತಾತ ರುದ್ರಸ್ವಾಮಿ. ತಮಿಳು ಸೀಮೆಯ ಗಡಿಯೊಳಗಿರುವ ತಾಳವಾಡಿಯ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೂತು ಚನ್ನಬಸವ ತಾತನ ಕಥೆ ತೆಗೆದರೆ ಚಾಮರಾಜನಗರದ ಬಸ್ಸು ಹೊರಟುಹೋದರೂ ಜನ ಏಳುತ್ತಿರಲಿಲ್ಲ. “ದೊರೆ ಬಂದು ಕೈ ಮುಗುದ್ನಂತ. ನಮ್ ತಾತ ಇಡೀ ಮಾಳನೇ ಬುಟ್ಕೊಟ್ರಂತ. ಆ ಋಣಕ್ಕ ದೊರೆ ತಾತನ್ನ ವಿಮಾನದಲ್ಲಿ ಪಕ್ಕಕ್ಕ ಕೂರುಸ್ಕಂಡು ಮೈಸೂರು ಅರಮನ ಮ್ಯಾಲ ಮೂರು ಸುತ್ತು ಒಡುದ್ನಂತ!”

“ಸುತ್ತು ಹೊಡೆದ್ನಾ, ಅರಮನೇನೇ ಒಡೆದ್ನಾ ಚಿಕ್ಕಪ್ಪ?” ಎಂದು ಮಧುಶ್ರೀ ಪಕ್ಕದ ಬೆಂಚಿನಿಂದ ಕೇಳುತ್ತಿದ್ದಳು.

“ನಿನ್ ಎಮ್ಮೆ ಓದಿಗೆ ಬೆಂಕಿ ಬೀಳ. ಸುಮ್ನ ಕೇಳಮ್ಮಿ.”

ಎಮ್ಮೆ ಅಂದರೆ ಎಂ.ಎ. ಮಧುಶ್ರೀ ಮೈಸೂರಿನಲ್ಲಿ ಚರಿತ್ರೆ ಓದುತ್ತಿದ್ದಳು. ಈ ಸಲ ಕೊನೆಯ ವರ್ಷದ ಪ್ರಬಂಧಕ್ಕೆ ತನ್ನೂರಿನ ಈ ಮಾಳವನ್ನೇ ಆರಿಸಿಕೊಂಡು ಬಂದಿದ್ದಳು. ಓದಿಗಿಂತ ಹೆಚ್ಚಾಗಿ ಅವಳು ಹೆಸರಾದದ್ದು ಗಂಟಲಿಗೆ. ಸತ್ಯಮಂಗಲದ ಬಸ್ ಕಂಡಕ್ಟರು ದಿಂಬಂ ಘಾಟಿಯ ತಿರುವಿನಲ್ಲಿ ‘ಉಳ್ಳೆ ಪೋ, ಉಳ್ಳೆ ಪೋ’ ಎಂದು ಜನರನ್ನು ಒಳಗೆ ತಳ್ಳುವುದು, ಅಜ್ಜಿ ಚನ್ನಬಸಮ್ಮ ಸೀನುವ ಮೊದಲು ಶಿವನನ್ನು ಕರೆಯುವುದು, ಎರಡನ್ನೂ ಕಣ್ಣು ಮುಚ್ಚಿ ಕೇಳಿದರೆ ಅಸಲು ಯಾವುದು ನಕಲು ಯಾವುದು ತಿಳಿಯುತ್ತಿರಲಿಲ್ಲ. ಗಂಡಸರ ದನಿ ಇನ್ನೂ ಸಲೀಸು.

ತೊಂದರೆ ಇದ್ದದ್ದು ಚಿಕ್ಕಪ್ಪನ ಕಥೆಯಲ್ಲಿ. ಅದು ದಿನಕ್ಕೊಂದು ಹೊಸ ರೆಕ್ಕೆ ಮೂಡಿಸಿಕೊಳ್ಳುತ್ತಿತ್ತು. ಇವತ್ತು ಮೈಸೂರು, ನಾಳೆ ಊಟಿ, ನಾಡಿದ್ದು ತಾತ ವಿಮಾನದ ಕಿಟಕಿಯಿಂದ ಎಲೆಅಡಿಕೆ ಉಗುಳಿದ್ದು. ಕೇಳಿ ಕೇಳಿ ಸಾಕಾದ ಮಧುಶ್ರೀ ಒಂದು ಸಂಜೆ ತೀರ್ಮಾನಿಸಿದಳು: ಈ ವಿಮಾನವನ್ನು ಇವತ್ತು ಕೆಳಗಿಳಿಸಬೇಕು.

ಅವತ್ತು ಚಿಕ್ಕಪ್ಪನನ್ನು ಫೋಟೋಗೆಂದು ಮಾಳಕ್ಕೆ ಕರೆದುಕೊಂಡು ಹೋದಳು. ಬಾಳೆ ಹಾಕುವ ಆಸೆಯಿಂದ ಚನ್ನಬಸವ ಹಿಂದಿನ ವಾರವಷ್ಟೇ ಜೆಸಿಬಿ ತರಿಸಿ, ಗಟ್ಟಿ ನೆಲವನ್ನು ಉದ್ದಕ್ಕೂ ಬಗೆಸಿದ್ದರು. ಮಧ್ಯದಲ್ಲೊಂದು ಕಡೆ ಬಂಡೆ ತಾಗಿತೆಂದು ಡ್ರೈವರು ಬಿಟ್ಟುಹೋದ ದಿಬ್ಬವೊಂದು ಉಳಿದಿತ್ತು. ಎತ್ತರವಾಗಿದೆಯೆಂದು ಅವರು ಅದರ ಮೇಲೆಯೇ ಹತ್ತಿ ನಿಂತರು. ಮೈಗೆ ನೀಲಿ ಗೆರೆಯ ಶರ್ಟು, ಹೆಗಲ ಮೇಲೆ ಟವಲು. ಬಲಗೈ ಆಕಾಶದ ಕಡೆಗೆ, ಅಲ್ಲಿಂದ ಇನ್ನೇನು ತಾತ ಇಳಿದು ಬರುತ್ತಾರೆ ಅನ್ನುವ ಹಾಗೆ.

“ಹಂಗೇ ಇರು ಚಿಕ್ಕಪ್ಪ. ಪವರ್‌ಬ್ಯಾಂಕು ಬ್ಯಾಗಲ್ಲಿ ಅದ, ತತ್ತೀನಿ.”

ಬ್ಯಾಗು ಲಂಟಾನ ಪೊದೆಯ ಹಿಂದೆ ಇತ್ತು. ಅವಳು ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಮೈಸೂರಿನಲ್ಲಿ ತೆಗೆದುಕೊಂಡಿದ್ದ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ನಂಬರಿನ ಫೋನು ತೆಗೆದು ಚಿಕ್ಕಪ್ಪನಿಗೆ ಕರೆ ಮಾಡಿದಳು. ಎಲೆಗಳ ಸಂದಿಯಿಂದ ಚಿಕ್ಕಪ್ಪ ಚೆನ್ನಾಗಿ ಕಾಣುತ್ತಿದ್ದರು.

“ಅಲೋ, ಯಾರು?” ಎಂದರು ಚಿಕ್ಕಪ್ಪ, ಎಂದಿನಂತೆ ಸ್ಪೀಕರಿಗೆ ಹಾಕಿ.

“ಮಿಸ್ಟರ್ ಚನ್ನಬಸವ?” ಪೊದೆಯೊಳಗಿಂದ ಹೊರಟ ದನಿಗೆ ದಪ್ಪ ಮೀಸೆ ಇತ್ತು. “ವಿಂಗ್ ಕಮಾಂಡರ್ ರೆಕ್ಕಯ್ಯನ್ ಮಾತಾಡ್ತಿದ್ದೇನೆ. ಏರ್ ಫೋರ್ಸ್ ಕಂಟ್ರೋಲ್ ರೂಮ್. ಅಸೈಯಾದೀಂಗ! ಅಲುಗಾಡಬೇಡಿ!”

ಚನ್ನಬಸವ ಅಲುಗಾಡಲಿಲ್ಲ. “ಯಾ... ಯಾಕ ಸಾರ್?”

“ನೀಲಿ ಗೆರೆ ಶರ್ಟು. ಹೆಗಲ ಮೇಲೆ ಟವಲು. ಬಲಗೈ ಆಕಾಶಕ್ಕೆ. ನೀವೇ ತಾನೆ? ಮೇಲಿಂದ ನೋಡ್ತಿದ್ದೇವೆ.”

ಚನ್ನಬಸವ ಕತ್ತೆತ್ತಿ ನೋಡಿದರು. ಮೇಲೆ ಒಂದು ಹದ್ದು ಬಿಟ್ಟರೆ ಏನೂ ಇರಲಿಲ್ಲ. ಹದ್ದಿಗೂ ಒಂದು ನಮಸ್ಕಾರ ಹಾಕುವಂತೆ ಅವರ ಬಲಗೈ ನಿಧಾನವಾಗಿ ಹಣೆಗೆ ಬಂತು.

“ಕೈ ಇಳಿಸಬಹುದು. ಕಾಲು ಎತ್ತಬೇಡಿ. ನಿಮ್ಮ ಎಡಗಾಲಿನ ಕೆಳಗೆ ಗುಂಡು ಇದೆ.”

ಗುಂಡು ಅನ್ನುವ ಪದವನ್ನು ಅವಳು ಬೇಕೆಂದೇ ಆರಿಸಿದ್ದಳು. ಕನ್ನಡದಲ್ಲೂ ಗುಂಡು, ತಮಿಳಿನಲ್ಲೂ ಗುಂಡು. ಒಂದೇ ಮಾತಿನಲ್ಲಿ ಎರಡು ಭಾಷೆಯಲ್ಲಿ ಹೆದರಿಸಬಹುದು. ಗಂಡು ದನಿಯಲ್ಲಿ ಅವಳು ಹಾರಿಸಿದ ಆ ಗುಂಡು ಗುರಿಗೆ ತಾಗಿತು.

“ಯುದ್ಧಕಾಲದ್ದು,” ಎಂದಿತು ರೆಕ್ಕಯ್ಯನ್ ದನಿ. “ತುಳಿದರೆ ಸಿಡಿಯಲ್ಲ. ಕಾಲು ತೆಗೆದರೆ ಸಿಡಿಯುತ್ತೆ. ಅದನ್ನು ಇಲ್ಲಿಂದಲೇ ತಣ್ಣಗೆ ಮಾಡ್ತೇವೆ. ಅದಕ್ಕೆ ಆ ಏರ್‌ಫೀಲ್ಡಿನ ಚರಿತ್ರೆ ಸರಿಯಾಗಿ ಬೇಕು. ಸುಳ್ಳು ಹೇಳಿದರೆ ಲೆಕ್ಕ ತಪ್ಪುತ್ತೆ. ಲೆಕ್ಕ ತಪ್ಪಿದರೆ ಕಾಲು.”

“ಯೋಳ್ತೀನಿ ಸಾರ್, ಎಲ್ಲಾ ಯೋಳ್ತೀನಿ.”

“ನಿಮ್ಮ ತಾತ ವಿಮಾನ ಹತ್ತಿದ್ದು ಎಲ್ಲಿಂದ?”

ಬಯಲಿನ ಮೇಲೆ ಗಾಳಿ ಒಮ್ಮೆ ಹಾದುಹೋಯಿತು.

“ಅತ್ಲಿಲ್ಲ ಸಾರ್.”

“ಜೋರಾಗಿ.”

“ವಿಮಾನನೇ ಅತ್ಲಿಲ್ಲ ಸಾರ್ ನಮ್ ತಾತ! ಬಂದದ್ದೇ ಒಂದು ವಿಮಾನ. ಅದು ಇಳಿಯೋ ಸದ್ದಿಗ ಎದುರ್ಕಂಡು ಓಡೋಗಿ, ರಾಗಿ ತುಂಬೋ ಅಗೇವು ಇರ್ತದಲ್ಲ ಸಾರ್, ನೆಲದೊಳಗಿನ ಗುಂಡಿ, ಅದ್ರೊಳಕ್ಕ ಇಳ್ಕಬುಟ್ರು. ವಿಮಾನ ಓದ್ಮೇಲೂ ತಾತ ಮ್ಯಾಕ್ಕ ಬರ್ನಿಲ್ಲ. ನಮ್ಮಜ್ಜಿ ಏಣಿ ಬುಟ್ಟು ಕರುದ್ರಂತ.”

ಮಧುಶ್ರೀ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ಅಲ್ಲಿಗೆ ನಿಲ್ಲಿಸಿದ್ದರೆ ಅದು ಒಳ್ಳೆಯ ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ಚರಿತ್ರೆ ಓದುವವರಿಗೆ ಇನ್ನೊಂದು ಪ್ರಶ್ನೆಯ ಚಪಲ ಬಿಡುವುದಿಲ್ಲ.

“ಸೈನ್ಯ ಬರುವ ಮೊದಲು ಅದು ಯಾರಪ್ಪನ ಮಾಳ?”

ಚಿಕ್ಕಪ್ಪ ಟವಲಿನಿಂದ ಮುಖ ಒರೆಸಿಕೊಂಡರು. “ಅದ್ನೂ ಯೋಳ್ಬೇಕಾ ಸಾರ್?”

“ಎಡಗಾಲು.”

“ಯೋಳ್ತೀನಿ. ಇಲ್ಲಿ ಗುಡ್ಲು ಇದ್ದೊ ಸಾರ್. ನಮ್ ಒಲದಲ್ಲಿ ಕ್ಯಾಮೆ ಮಾಡೋರ್ದು. ಮಾದಿ ಅಂತ ಅವ್ಳಲ್ಲ ಮುದ್ಕಿ, ಅವ್ರ ವಂಶದೋರ್ದು. ದೊರೆ ಬಂದು ಇಲ್ಲಿ ಯಾರವ್ರ ಅಂದಾಗ ನಮ್ ತಾತ, ಯಾರೂ ಇಲ್ಲ, ಕಾಲಿ ಪೊರಂಬೋಕು, ಸರ್ಕಾರದ ಬೀಳು ಅಂದ್ಬುಟ್ರು. ಅವ್ರ ಗುಡ್ಲ ಕೀಳಿಸಿ, ಅವ್ರ ಕೈಲೇ ನೆಲ ಸಮ ಮಾಡುಸುದ್ರು. ಸೈನ್ಯ ಓದ್ಮೇಲ ಅವ್ರು ತಿರುಗಿ ಬರೋಕ್ ಮುಂಚ ತಾತ ಏರು ಕಟ್ಟಿ ಉತ್ಬುಟ್ರು. ನಮ್ಮಪ್ಪ ಸಾಯೋವಾಗ ನನ್ ಕಿವೀಲಿ ಯೋಳುದ್ರು ಸಾರ್. ಇನ್ಯಾರ್ಗೂ ಗೊತ್ತಿಲ್ಲ.”

ದಪ್ಪ ಮೀಸೆಯ ದನಿ ಎಲ್ಲೋ ಜಾರಿಹೋಯಿತು. “ಚಿಕ್ಕಪ್ಪ...” ಎಂದಳು ಮಧುಶ್ರೀ ತನ್ನದೇ ಗಂಟಲಲ್ಲಿ.

“ಸಾರ್?”

ಅವಳು ಫೋನು ಕತ್ತರಿಸಿ, ಬ್ಯಾಗಿನ ಮೇಲೆ ಎಸೆದು, ಪೊದೆಯಿಂದ ಎದ್ದು ಬಂದಳು. ತಪ್ಪಾಯ್ತು ಅನ್ನುವುದು, ಒಂದೆರಡು ಬೈಗಳ ತಿನ್ನುವುದು, ಮನೆಗೆ ಹೋಗುವುದು. ಅಷ್ಟೇ ಅವಳ ಲೆಕ್ಕ. ದಿಬ್ಬದ ಹತ್ತಿರ ಬಂದಾಗ ಚಿಕ್ಕಪ್ಪ ಎಡಗಾಲನ್ನು ಕದಲಿಸದೆ ಬಗ್ಗಿ, ಒಂದು ಒಣಕಡ್ಡಿಯಿಂದ ಪಾದದ ಪಕ್ಕದ ಮಣ್ಣು ಕೆದಕುತ್ತಿದ್ದರು. ಕಡ್ಡಿ ಮುರಿಯಿತು. ಬೆರಳಿನ ಉಂಗುರ ತಾಗಿತು.

ಠಣ್.

ಇಬ್ಬರಿಗೂ ಕೇಳಿಸಿತು. ಅದು ಬಂಡೆಯ ಸದ್ದಲ್ಲ.

ಮಣ್ಣಿನ ಕೆಳಗಿನಿಂದ ಅಂಗೈಯಗಲ ಕಬ್ಬಿಣ ಕಾಣುತ್ತಿತ್ತು. ತುಕ್ಕು ಹಿಡಿದ, ದುಂಡಗೆ ಬಾಗಿದ ಕಬ್ಬಿಣ. ಹಳೆಯ ಯುದ್ಧದ ಮೈದಾನಗಳಲ್ಲಿ ಸಿಡಿಯದೆ ಉಳಿದ ಬಾಂಬುಗಳು ಈಗಲೂ ಸಿಗುತ್ತವೆಂದು ಮೇಷ್ಟ್ರು ತರಗತಿಯಲ್ಲಿ ಹೇಳಿದ್ದು ಮಧುಶ್ರೀಗೆ ನೆನಪಾಯಿತು. ಅವಳು ಬಾಯಿಗೆ ಬಂದದ್ದನ್ನು ಅಂದಿದ್ದಳು. ಅಂದದ್ದು ನೆಲದಲ್ಲಿ ಇತ್ತು.

“ಅಲ್ಲೇ ನಿಲ್ಲಮ್ಮಿ!” ಚನ್ನಬಸವ ಕಿರುಚಿದರು. “ಒಂದು ಎಜ್ಜೆ ಇಡ್ಬ್ಯಾಡ. ಒಂದು ಇದ್ದ ಕಡ ಇನ್ನೊಂದು ಇರ್ತದ.”

ಅವಳು ಎತ್ತಿದ ಹೆಜ್ಜೆಯನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟಳು. “ಚಿಕ್ಕಪ್ಪ, ಕೇಳು. ಫೋನ್ ಮಾಡಿದ್ದು ನಾನು ಕಣ.”

“ಏನು?”

“ಆ ರೆಕ್ಕಯ್ಯನ್ ನಾನೇ. ತಮಾಸೆಗ ಮಾಡ್ದೆ. ತೆಪ್ಪಾಯ್ತು.”

ಚನ್ನಬಸವ ಅವಳನ್ನು ನೋಡಿದರು. ಅವರ ಕಣ್ಣು ತುಂಬಿತು. “ನನ್ ಎದ್ರಿಕೆ ಓಗ್ಲಿ ಅಂತ ಯೋಳ್ತಿದ್ದೀಯ. ಗೊತ್ತಾಯ್ತದ ಕಣಮ್ಮಿ.”

“ಇಲ್ಲ ಚಿಕ್ಕಪ್ಪ, ಕೇಳಿಲ್ಲಿ.” ಅವಳು ಗಂಟಲು ಸರಿಮಾಡಿಕೊಂಡಳು. “ವಿಂಗ್ ಕಮಾಂಡರ್ ರೆಕ್ಕಯ್ಯನ್ ಮಾತಾಡ್ತಿದ್ದೇನೆ. ಅಸೈಯಾದೀಂಗ!”

ದನಿ ಅದೇ. ಮೀಸೆಯೂ ಅದೇ. ಚನ್ನಬಸವ ಮಾತ್ರ ತಲೆ ಅಲ್ಲಾಡಿಸಿದರು. “ಆಚ ನಿಂತು ಕೇಳುಸ್ಕಂಡಿದ್ದೀಯ. ನೀನು ಯಾರ್ ದನಿನಾರ ಒಂದ್ಸಲ ಕೇಳುದ್ರ ಸಾಕು, ಮಾಡ್ತೀಯ. ಇವತ್ತಾರ ಆಟ ಬುಡವ್ವ.”

ಹುಟ್ಟಿದಾಗಿನಿಂದ ಎಲ್ಲರನ್ನೂ ನಂಬಿಸಿದ್ದ ಗಂಟಲು ಅವಳನ್ನು ಕೈಬಿಟ್ಟದ್ದು ಅದೇ ಮೊದಲು. ಪೊದೆಯ ಹಿಂದಿನ ಫೋನು ತಂದು ತೋರಿಸೋಣವೆಂದರೆ ಹೆಜ್ಜೆ ಇಡಲು ಧೈರ್ಯವಿಲ್ಲ. ತೋರಿಸಿ ನಂಬಿಸಿದರೂ ಏನು ಬಂತು? ಕರೆ ಸುಳ್ಳು, ಸರಿ. ಕಾಲ ಕೆಳಗಿನ ಕಬ್ಬಿಣ ಸುಳ್ಳಲ್ಲವಲ್ಲ. ನಂಬಿದ ಚಿಕ್ಕಪ್ಪ ನಗುತ್ತ ಕಾಲೆತ್ತಿದರೆ? ಅವಳು ಮತ್ತೆ ಬಾಯಿ ತೆರೆಯಲಿಲ್ಲ.

ಅಷ್ಟು ಹೊತ್ತಿಗೆ ಗಾಡಿದಾರಿಯಲ್ಲಿ ಆಡುಗಳನ್ನು ಹೊಡೆದುಕೊಂಡು ಮಾದೇವ ಬಂದ. ಮುದುಕಿ ಮಾದಿಯ ಮೊಮ್ಮಗ. ಹೆಚ್ಚುಕಡಿಮೆ ಚನ್ನಬಸವರ ವಯಸ್ಸೇ. ಅವರ ಹೊಲದಲ್ಲೇ ಆಳು.

“ಏನ್ ಬುದ್ಧಿ, ಒಳ್ಳೆ ಬೆದರುಬೊಂಬೆ ಥರ ನಿಂತಿದ್ದೀರಿ?”

“ಅತ್ರ ಬರ್ಬ್ಯಾಡ ಕಣ್ಲಾ ಮಾದೇವ! ಕಾಲ್ ಕೆಳಗ ಗುಂಡದ!”

ಮಾದೇವ ದಾರಿಯಲ್ಲೇ ನಿಂತ. ವಿಷಯ ಕೇಳಿದ. ಕಬ್ಬಿಣವನ್ನು ದೂರದಿಂದಲೇ ದಿಟ್ಟಿಸಿದ. “ಪೋಲಿಸ್‌ಗ ಯೋಳಾನ?”

“ಗುಂಡು ತಗಿಯೋರು ಕೆಳಗ್ನಿಂದ ಬರ್ಬೇಕು. ಅವ್ರು ದಿಂಬಂ ತಿರುವೆಲ್ಲ ಅತ್ತಿ ಬರೋಗಂಟ ನನ್ ಕಾಲು ನಿಲ್ತದಾ? ಈಗ್ಲೇ ನಡುಗ್ತದ.”

ನಡುಗುತ್ತಿದ್ದದ್ದು ಮಧುಶ್ರೀಗೂ ಕಾಣುತ್ತಿತ್ತು. ಪಂಚೆಯ ಅಂಚು ಗಾಳಿಯಿಲ್ಲದೆ ಅಲುಗುತ್ತಿತ್ತು.

“ತಡೀರಿ, ನಮ್ಮಜ್ಜಿನ ಕೇಳ್ತೀನಿ,” ಎಂದು ಮಾದೇವ ಫೋನು ತೆಗೆದ. “ಈ ಮಾಳ ಮಾಡುವಾಗ ಅಜ್ಜಿ ಇನ್ನೂ ಮಗ. ಅವ್ರಪ್ಪನೇ ಇಲ್ಲಿ ಮಣ್ಣು ಒತ್ತೋನು.” ಮುದುಕಿಗೆ ಕಿವಿ ಮಂದ. ಅವನು ಸ್ಪೀಕರಿಗೆ ಹಾಕಿ ಕೂಗಿದ. “ಅಜ್ಜೀ! ಯಾರಪ್ಪನ ಮಾಳದಲ್ಲಿ ಗುಂಡು ಇತ್ತಾ?”

“ಆಂ?”

“ಗುಂಡೂ!”

“ಊಂ ಕಣ್ಲಾ, ಇತ್ತು,” ಎಂದಿತು ಮಾದಿಯ ದನಿ ಆರಾಮವಾಗಿ. “ಕಬ್ಬಣದ ಗುಂಡು. ದೊರೆಗೋಳು ತಂದಿದ್ರು. ಓಗೋವಾಗ ತಕಂಡೋಗಾಕ ಆಯ್ನಿಲ್ಲ. ನಮ್ಮಪ್ಪನೋರೇ ಗುಂಡಿ ತೋಡಿ ಊತಾಕುದ್ರು.”

“ಯಾಕಜ್ಜಿ ಊತಾಕುದ್ರು?”

“ಮತ್ತಿನ್ನೇನ್ಲಾ, ಬುಟ್ರ ಮಕ್ಳುಮರಿ ಉಳ್ದವಾ? ನಮ್ ದೊಡ್ಡಪ್ಪನ ಎಡಗಾಲು ಓದದ್ದು ಅದ್ರಿಂದ್ಲೇ...”

ಸಿಗ್ನಲ್ ಹೋಯಿತು. ಮಾದೇವ ಫೋನನ್ನು ಎತ್ತಿ ಹಿಡಿದ, ತಿರುಗಿಸಿದ, ಮತ್ತೆ ಒತ್ತಿದ. ಹೋದದ್ದು ಹೋಯಿತು.

ಚನ್ನಬಸವ ತಮ್ಮ ಎಡಗಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದರು. “ಮಾದೇವ,” ಎಂದರು. “ಬದುಕ್ತೀನೋ ಇಲ್ವೋ. ಒಂದು ಮಾತು ಕೇಳು. ಈ ಮಾಳದಲ್ಲಿ ನಿಮ್ಮೋರ ಗುಡ್ಲು ಇದ್ದೊ. ನಮ್ ತಾತ ಸುಳ್ ಯೋಳಿ ಕೀಳುಸ್ದ. ನಂಗ ಗೊತ್ತಿತ್ತು. ನಿಂಗ ಯೋಳಿಲ್ಲ.”

ಮಾದೇವ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಊರಿದ. “ಅದು ನಮ್ಗೂ ಗೊತ್ತು ಬುದ್ಧಿ. ನಿಮ್ಗ ಗೊತ್ತು ಅನ್ನೋದು ಗೊತ್ತಿರ್ನಿಲ್ಲ.”

ಮಧುಶ್ರೀಗೆ ನೆಲ ನೋಡುವುದಕ್ಕೂ ಆಗಲಿಲ್ಲ, ಮಾದೇವನ ಮುಖ ನೋಡುವುದಕ್ಕೂ ಆಗಲಿಲ್ಲ. ಬಿಸಿಲು ಮರಗಳ ತುದಿಗೆ ಏರಿತ್ತು. ಕೊನೆಗೆ ಅವಳು ಚಪ್ಪಲಿ ಬಿಟ್ಟು, ತಾನು ಬಂದಿದ್ದ ಹೆಜ್ಜೆಗುರುತಿನ ನೇರಕ್ಕೆ ಕಣ್ಣು ನೆಟ್ಟು, ಒಂದೊಂದೇ ಪಾದ ಮುಂದಿಟ್ಟಳು.

“ಏನ್ ಮಾಡ್ತಿದ್ದೀಯಮ್ಮಿ?”

“ನಿನ್ ಪಾದದ ಪಕ್ಕ ನನ್ ಪಾದ ಇಡ್ತೀನಿ. ಭಾರ ನಾನ್ ತಕ್ಕತೀನಿ. ನೀನು ನಿಧಾನಕ್ಕ ಆಚ ಬಾ. ಕಲ್ಲು ಗಿಲ್ಲು ಹೊತ್ತು ತಂದು ಆಮೇಲ ನನ್ನ ಬುಡುಸ್ಕಳ್ಳಿ.”

“ಇನ್ನೊಂದು ಎಜ್ಜೆ ಇಟ್ರ ನಾನೇ ಕಾಲ್ ಎತ್ಬುಡ್ತೀನಿ ನೋಡು!” ಇಡೀ ಜನ್ಮದಲ್ಲಿ ಅವಳನ್ನು ಸಿಟ್ಟಿನಿಂದ ಗದರಿಸದ ಮನುಷ್ಯ ಹಾಗೆ ಗದರಿಸಿದ್ದು ಕೇಳಿ ಅವಳು ನಿಂತೇಬಿಟ್ಟಳು.

ಆಗಲೇ ಆಡುಗಳು ಒಟ್ಟಾಗಿ ಒಂದಕ್ಕೊಂದು ಮೈ ಒತ್ತಿಕೊಂಡವು. ಮಾದೇವ ಮೂಗೆತ್ತಿ ಗಾಳಿ ಹಿಡಿದ. ಅವನ ದನಿ ಪಿಸುಮಾತಿಗಿಳಿಯಿತು.

“ಆನ.”

ಕಾಡಿನ ಅಂಚಿನಲ್ಲಿ ಒಂದು ಮರ ಅಲುಗಿತು. ಆಮೇಲೆ ಆ ಮರದ ನೆರಳೇ ಮುಂದಕ್ಕೆ ನಡೆಯಿತು. ಒಂಟಿ ಆನೆ. ಒಂದು ದಂತ ಮೊಟಕು. ಹೊಸದಾಗಿ ಬಗೆದ ಮಣ್ಣಿನ ವಾಸನೆಗೆ ಬಂದಿತ್ತೋ, ಏನೋ, ದಿಬ್ಬದ ಕಡೆಗೇ ಬರುತ್ತಿತ್ತು. ಅವಸರವಿಲ್ಲದೆ, ನಿಂತು ನಿಂತು, ಕಿವಿ ಬೀಸುತ್ತ.

“ಓಡಿ,” ಎಂದರು ಚನ್ನಬಸವ ತುಟಿ ಅಲುಗಿಸದೆ.

“ನೀನ್ ಬರ್ದೇ ನಾನ್ ಓಗಲ್ಲ.”

“ಮಾದೇವ. ಅಮ್ಮಿನ ಎಳ್ಕಂಡೋಗು. ಆ ಉಣಸೆ ಮರದ ಆಚ್ಗ. ನಿನ್ ಕಾಲಿಗ ಬೀಳ್ತೀನಿ.”

ಮಾದೇವ ದಾರಿಯಿಂದ ಮಾಳಕ್ಕೆ ಇಳಿದ. ನೆಲದಲ್ಲಿ ಇನ್ನೆಷ್ಟು ಗುಂಡುಗಳಿವೆಯೆಂದು ಅವನಿಗೂ ಗೊತ್ತಿರಲಿಲ್ಲ. ಮಧುಶ್ರೀಯ ತೋಳು ಹಿಡಿದು, ಅವಳು ಕೊಸರಿದರೂ ಬಿಡದೆ, ಹುಣಸೆ ಮರದ ತನಕ ದರದರ ಎಳೆದೊಯ್ದ. ಬೇರುಗಳ ಹಿಂದೆ ಇಬ್ಬರೂ ಕವುಚಿ ಬಿದ್ದರು. ಅವಳು ತಲೆ ಎತ್ತಿ ನೋಡಿದಾಗ ಬಯಲಿನಲ್ಲಿ ಇಬ್ಬರೇ ಇದ್ದರು: ದಿಬ್ಬದ ಮೇಲೆ ಚಿಕ್ಕಪ್ಪ, ಅವರ ಮುಂದೆ ಆನೆ. ಕೂಗೋಣವೆಂದರೆ ಆನೆ ಕೆರಳೀತು. ಅವಳು ಅಂಗೈ ಕಚ್ಚಿಕೊಂಡಳು.

ಚನ್ನಬಸವ ಹುಣಸೆ ಮರದ ಕಡೆ ಒಂದು ಸಲ ನೋಡಿದರು. ಇವರು ಸಾಕಷ್ಟು ದೂರ ಹೋಗಿದ್ದಾರೆಯೇ ಎಂದು ಅಳೆದ ಹಾಗಿತ್ತು. ಕೊರಳಿನ ಶಿವದಾರ ಮುಟ್ಟಿ, ಕಣ್ಣು ಮುಚ್ಚಿ, ‘ಶಿವಾ’ ಅಂದದ್ದು ಇಲ್ಲಿಯ ತನಕ ಕೇಳಿಸಿತು.

ಎಡಗಾಲು ಎತ್ತಿದರು.

ಏನೂ ಆಗಲಿಲ್ಲ.

ಒಂಟಿಕಾಲಲ್ಲಿ ನಿಂತ ಚನ್ನಬಸವ ಒಂದು ಕಣ್ಣು ತೆರೆದರು. ತಾನು ಇನ್ನೂ ಇದ್ದೇನೆಯೇ ಎಂದು ನೋಡಿಕೊಂಡರು. ಇನ್ನೊಂದು ಕಣ್ಣು ತೆರೆದರು. ಆನೆಯೂ ಇತ್ತು.

ಆಮೇಲೆ ಅವರು ಓಡಿದ್ದನ್ನು ಓಟ ಅನ್ನಬಾರದು. ಒಂದೇ ಒಂದು ವಿಮಾನ ಇಳಿದು ಎದ್ದುಹೋಗಿದ್ದ ಆ ನೆಲದ ಮೇಲೆ, ಇಷ್ಟು ಕಾಲದ ನಂತರ, ಎರಡನೆಯ ವಿಮಾನ ಹೊರಟಿತ್ತು. ಪಂಚೆ ಮಂಡಿಗೆ ಬಂತು, ಚಪ್ಪಲಿಗಳು ಎರಡು ದಿಕ್ಕಿಗೆ ಹಾರಿದವು, ಟವಲು ಹೆಗಲಿನಿಂದ ರೆಕ್ಕೆ ಬಿಚ್ಚಿತು. ಮಾಳದ ಕೊನೆ ಮುಟ್ಟಿ, ಗಾಡಿದಾರಿಗೆ ತಿರುಗಿ, ಹುಣಸೆ ಮರದ ಹಿಂದೆ ದಡ್ಡನೆ ಬಂದು ಬಿದ್ದರು. ಮಧುಶ್ರೀ ಅವರ ಎಡಗಾಲನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

ಆನೆ ಓಡಿದವರನ್ನು ತಿರುಗಿಯೂ ನೋಡಲಿಲ್ಲ. ನೇರ ದಿಬ್ಬ ಹತ್ತಿ, ಚನ್ನಬಸವ ನಿಂತಿದ್ದ ಜಾಗದಲ್ಲೇ ಮುಂಗಾಲಿಟ್ಟಿತು.

“ಕಿವಿ ಮುಚ್ಕಳ್ಳಿ,” ಎಂದ ಮಾದೇವ.

ಮುಚ್ಚಿಕೊಂಡರು. ಆನೆ ಕಾಲಿನಿಂದ ಮಣ್ಣು ಒದ್ದಿತು. ಸೊಂಡಿಲಿನಿಂದ ಮಣ್ಣು ತೂರಿ ಬೆನ್ನಿಗೆ ಹಾಕಿಕೊಂಡಿತು. ಕಬ್ಬಿಣಕ್ಕೆ ಪಾದ ತಿಕ್ಕಿ ತುರಿಕೆ ಕಳೆಯಿತು. ಅದು ಸಾಲದೆಂದು ಹಣೆ ಕೊಟ್ಟು ನೂಕಿತು. ನೆಲ ನರಳಿದಂಥ ಸದ್ದಾಯಿತು. ದಿಬ್ಬ ಬಾಯಿಬಿಟ್ಟು, ಉದ್ದನೆಯ, ದಪ್ಪನೆಯ ಕಬ್ಬಿಣದ ಉರುಳೆಯೊಂದು ಹೊರಬಿದ್ದು, ಜೆಸಿಬಿ ತೋಡಿದ್ದ ಇಳಿಜಾರಿನಲ್ಲಿ ಗಡಗಡ ಅರ್ಧ ಸುತ್ತು ಉರುಳಿ ನಿಂತಿತು. ಎರಡೂ ತುದಿಯಲ್ಲಿ ನೊಗಕ್ಕೆ ಕಟ್ಟುವ ಗೂಟದಂಥ ಕಬ್ಬಿಣ ಚಾಚಿತ್ತು. ಆನೆ ಅದನ್ನು ಒಮ್ಮೆ ಮೂಸಿ, ತಿನ್ನುವ ಪದಾರ್ಥವಲ್ಲವೆಂದು ತಿಳಿದು, ಬಂದ ದಾರಿಯಲ್ಲೇ ಕಾಡಿಗೆ ಹೋಯಿತು.

ಮಾದೇವ ಮೊದಲು ಎದ್ದ. “ಗುಂಡು,” ಎಂದ.

“ಗುಂಡು ಅಂತ ಗೊತ್ತು ಕಣ್ಲಾ!” ಎಂದರು ಚನ್ನಬಸವ ನೆಲದಿಂದಲೇ.

“ಆ ಗುಂಡಲ್ಲ ಬುದ್ಧಿ! ಗುಂಡು! ಕಣದಲ್ಲಿ ರಾಗಿ ಮ್ಯಾಲ ಎತ್ತು ಕಟ್ಟಿ ಉಳ್ಳುಸ್ತೀವಲ್ಲ, ಆ ಗುಂಡು! ನಮ್ದು ಕಲ್ಲಿಂದು, ದೊರೆದು ಕಬ್ಬಣದ್ದು. ಮಾಳ ಸಮ ಮಾಡಾಕ ತಂದಿರೋದು. ನಮ್ಮಜ್ಜಿ ಯೋಳಿದ್ದು ಇದ್ನೇ. ಅಜ್ಜಿ ದೊಡ್ಡಪ್ಪನ ಕಾಲ ಮ್ಯಾಲ ಅತ್ತಿದ್ದೂ ಇದೇ.”

ಮೂವರೂ ಹೋಗಿ ನೋಡಿದರು. ಕಣದ ಗುಂಡೇ. ಒಬ್ಬಾಳು ತಬ್ಬಿದರೆ ಸಾಲದಷ್ಟು ದಪ್ಪ. ಒಂದು ಪದಕ್ಕೆ ಎರಡು ಭಾಷೆಯಲ್ಲಿ ಬೆಂಕಿ ಹಚ್ಚಿದ್ದ ಮಧುಶ್ರೀಗೆ, ಕನ್ನಡದಲ್ಲೇ ಅದಕ್ಕೆ ಇನ್ನೊಂದು ಅರ್ಥವಿದ್ದದ್ದು ಹೊಳೆದಿರಲಿಲ್ಲ. ಅವಳ ಮನೆಯ ಕಣದ ಮೂಲೆಯಲ್ಲೂ ಒಂದು ಗುಂಡು ಬಿದ್ದಿತ್ತು. ಚಿಕ್ಕವಳಿದ್ದಾಗ ಅದರ ಮೇಲೆ ಕುದುರೆಯಾಟ ಆಡಿದ್ದಳು.

ಚನ್ನಬಸವ ಗುಂಡಿನ ಮೇಲೆ ಕುಳಿತರು. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, “ಕೂತ್ಕ ಬಾ,” ಎಂದರು ಮಾದೇವನಿಗೆ.

“ಇರ್ಲಿ ಬುದ್ಧಿ.”

“ಕೂತ್ಕಳ್ಲಾ. ನಿಮ್ಮೋರು ಉಳ್ಳುಸ್ದ ಗುಂಡು. ನಾನ್ಯಾರು ಬ್ಯಾಡ ಅನ್ನಾಕ.”

ಮಾದೇವ ಟವಲು ಕೊಡವಿಕೊಂಡು, ಪೂರ್ತಿ ಭಾರ ಬಿಡದೆ, ತುದಿಯಲ್ಲಿ ಕೂತ. ಚನ್ನಬಸವ ಮಧುಶ್ರೀಯ ಕಡೆ ತಿರುಗಿದರು.

“ಅಮ್ಮಿ, ಆಗ ನಾನ್ ಫೋನಲ್ಲಿ ಯೋಳಿದ್ದು ನೀನ್ ಕೇಳುಸ್ಕಂಡಲ್ಲ? ಬರ್ಕ. ಎದುರ್ಕಂಡು ನಿಂತ್ಕಂಡು ಯೋಳಿದ್ದೆ, ಈಗ ಕೂತ್ಕಂಡು ಯೋಳ್ತಿದ್ದೀನಿ. ತಾತ ಅಗೇವಿಗ ಇಳಿದಿದ್ನೂ ಬರ್ಕ. ಗುಡ್ಲು ಇದ್ದದ್ನೂ ಬರ್ಕ.” ಮಾದೇವನ ಮುಖ ನೋಡದೆ, “ನಾಳ ಬೆಳಿಗ್ಗ ನಿಮ್ಮಜ್ಜಿನ ಕರ್ಕಂಡ್ ಬಾ. ಎಲ್ಲೆಲ್ಲಿ ಯಾರ್ ಗುಡ್ಲಿತ್ತು ತೋರುಸ್ಲಿ. ಬಾಳೆ ಆಕೋದು ಆಮ್ಯಾಲ ನೋಡಾನ,” ಎಂದರು.

“ಅದು ಆಮ್ಯಾಲ ಅಂದ್ರ ಯಾವ ಆಮ್ಯಾಲ ಬುದ್ಧಿ?” ಎಂದ ಮಾದೇವ ಅಷ್ಟೇ ಮೆಲ್ಲಗೆ. “ನಾಳ ಎಲ್ರೂ ಬತ್ತೀವಿ. ಆಗ ಕೇಳ್ತೀವಿ.”

“ಕೇಳಿ.”

ಮಧುಶ್ರೀ ತಪ್ಪೊಪ್ಪಿಕೊಳ್ಳಲು ಇನ್ನೊಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ಚನ್ನಬಸವ ತೊಡೆ ತಟ್ಟಿ ಎದ್ದು, ಜೇಬಿನಿಂದ ಫೋನು ತೆಗೆದರು.

“ಅಯ್ಯೋ, ಪಾಪ! ಆ ದೊಡ್ ಮನ್ಸ ಅಲ್ಲಿ ನನ್ ಕಾಲ್ ಕಾಯ್ಕಂಡು ಕೂತವ್ನೆ. ಗುಂಡಲ್ಲ ಸಾರ್, ಗುಂಡು, ಅಂತ ಯೋಳ್ಬುಡ್ತೀನಿ.”

“ಚಿಕ್ಕಪ್ಪ, ಬ್ಯಾಡ...”

ಅವರು ಒತ್ತಿಯೇಬಿಟ್ಟರು. ಫೋನು ಕಿವಿಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ದೊಡ್ಡವರ ಮುಂದೆ ನಿಲ್ಲುವಂತೆ ನಿಂತರು.

ಲಂಟಾನ ಪೊದೆ ರಿಂಗಾಯಿತು.

ಚನ್ನಬಸವ ಫೋನು ಕಿವಿಯಿಂದ ತೆಗೆದು ನೋಡಿದರು. ಪೊದೆಯ ಕಡೆ ನೋಡಿದರು. ಕರೆ ಕತ್ತರಿಸಿದರು, ಪೊದೆ ಸುಮ್ಮನಾಯಿತು. ಮತ್ತೆ ಒತ್ತಿದರು, ಪೊದೆ ಮತ್ತೆ ಬಾಯಿಬಿಟ್ಟಿತು. ಅವರು ತಿರುಗಿ ಮಧುಶ್ರೀಯನ್ನು ನೋಡಿದ ನೋಟಕ್ಕೆ ಮಾದೇವ ಗುಂಡಿನಿಂದ ಎದ್ದು ಇಬ್ಬರ ನಡುವೆ ನಿಂತ. ಅವಳು ಕಣ್ಣು ಮುಚ್ಚಿ ಕೆನ್ನೆ ಮುಂದೆ ಮಾಡಿದಳು. ಏಟು ಬೀಳಲಿಲ್ಲ.

“ಆಗ್ಲೇ ಯೋಳ್ದಲ್ಲಮ್ಮಿ,” ಎಂದರು ಚಿಕ್ಕಪ್ಪ ಕೊನೆಗೆ, ತಗ್ಗಿದ ದನಿಯಲ್ಲಿ. “ನಂಬ್ನಿಲ್ಲ ನಾನು.”

“ಊಂ.”

“ಅವ್ನ್ ಎಸ್ರೇನಂದೆ?”

“ರೆಕ್ಕಯ್ಯನ್.”

“ವಿಂಗ್ ಕಮಾಂಡರ್...” ಅವರು ನಿಧಾನವಾಗಿ ಬಾಯಲ್ಲಿ ತಿರುಗಿಸಿ ನೋಡಿದರು. “ವಿಂಗ್ ಅಂದ್ರ ರೆಕ್ಕ. ರೆಕ್ಕಯ್ಯನ್. ರೆಕ್ಕ ಅಯ್ಯ! ಅಯ್ಯೋ ನಿನ್ ಮನ ಕಾಯ್ವಾಗ, ರೆಕ್ಕಯ್ಯ ಅಂತ ಯೋಳಿದ್ರೂ ನಂಗ ಒಳೀನಿಲ್ವಲ್ಲೋ! ಸಾರ್ ಸಾರ್ ಅಂದ್ನಲ್ಲೋ! ಅದ್ದಿಗ್ ಸಲ್ಯೂಟ್ ಒಡುದ್ನಲ್ಲೋ ಶಿವನೇ!”

ಮೊದಲು ನಕ್ಕವನು ಮಾದೇವ, ಟವಲಿನಲ್ಲಿ ಬಾಯಿ ಮುಚ್ಚಿಕೊಂಡು. ಆಮೇಲೆ ಮಧುಶ್ರೀ, ಅಳುವೂ ಬೆರೆತು. ಆದರೆ ಚನ್ನಬಸವ ಗುಂಡಿನ ಮೇಲೆ ಬಿದ್ದು, ಬದುಕಿದ ಎಡಗಾಲನ್ನು ಕಬ್ಬಿಣಕ್ಕೆ ದಡದಡ ಬಡಿಯುತ್ತ ನಕ್ಕ ನಗೆಗೆ ಆಡುಗಳು ಬೆದರಿ ಊರಿನ ದಾರಿ ಹಿಡಿದವು, ಕಾಡಿನೊಳಗಿಂದ ಆನೆ ಒಮ್ಮೆ ಘೀಳಿಟ್ಟು ಸೋತು ಸುಮ್ಮನಾಯಿತು.